ನಾಲ್ಕು ಪ್ಲೇಟಿನ ಬೇಡಿಕೆ

ಮೂವತ್ತು ವರ್ಷದಲ್ಲಿ ಏಕಾಂತಯ್ಯ ಹನ್ನೊಂದು ಸಲ ರಸ್ತೆ ತಡೆದಿದ್ದ, ನಾಲ್ಕು ಸಲ ಲಾಠಿ ಏಟು ತಿಂದಿದ್ದ, ಒಂದು ಸಲ ತಹಸೀಲ್ದಾರರ ಜೀಪಿನ ಮುಂದೆ ಅಂಗಾತ ಮಲಗಿ ಗೊರಕೆಯನ್ನೇ ಹೊಡೆದಿದ್ದ. ಇಷ್ಟೆಲ್ಲ ಹೋರಾಟದಿಂದ ನಾಡಿಗೇನು ದಕ್ಕಿತು ಎಂಬುದನ್ನು ಇತಿಹಾಸಕಾರರು ಹೇಳಲಿ. ಅವನ ಊರಿಗೆ ದಕ್ಕಿದ್ದು ಮಾತ್ರ ಒಂದು ರಸ್ತೆ ಉಬ್ಬು. ಈಗ ಆ ಉಬ್ಬೇ ಅವನ ಪಿಕಪ್ಪಿನ ಹೊಟ್ಟೆ ಬಗೆಯುತ್ತಿತ್ತು.

ಉಬ್ಬಿನ ಚರಿತ್ರೆ ಚಿಕ್ಕದು. ಏಳು ವರ್ಷದ ಕೆಳಗೆ ಅವನ ಹೆಂಡತಿ ಕಲ್ಲಮ್ಮ ಮನೆ ಮುಂದೆ ರಸ್ತೆಯಂಚಿಗೆ ಚಾಪೆ ಹಾಸಿ ಸಂಡಿಗೆ ಒಣಹಾಕಿದ್ದಳು. ಜಲ್ಲಿ ತುಂಬಿದ ಟ್ರಾಕ್ಟರೊಂದು ಅದರ ಮೇಲೆ ಹಾದುಹೋಯಿತು. ಕಲ್ಲಮ್ಮ ಟೈರಿನ ಅಚ್ಚು ಬಿದ್ದ ಒಂದು ಸಂಡಿಗೆಯನ್ನು ಗಂಡನ ಮೂಗಿನ ಮುಂದೆ ಹಿಡಿದು, "ಊರೋರ ತಾಪತ್ರಯಕ್ಕೆಲ್ಲ ಹಸಿರು ಶಾಲು ಹೆಗಲಿಗೇರ್ಸಿ ಓಡ್ತೀರಲ್ಲ, ಇದುಕ್ಕೇನ್ ಮಾಡ್ತೀರಿ?" ಎಂದಳು. ಮಾರನೆಯ ದಿನವೇ ರಸ್ತೆ ತಡೆ. (ಮನವಿಪತ್ರದಲ್ಲಿ ಸಂಡಿಗೆಯ ಮಾತಿರಲಿಲ್ಲ, 'ಸಾರ್ವಜನಿಕರ ಪ್ರಾಣ ಹಾಗೂ ಆಹಾರ ಭದ್ರತೆ' ಎಂದಿತ್ತು.) ಬಿಸಿಲಲ್ಲಿ ಬೆಂದುಹೋದ ಎಂಜಿನಿಯರು ಸಂಜೆಯೊಳಗೆ ಒಪ್ಪಿದ. ಉಬ್ಬು ಹಾಕುವ ದಿನ ಏಕಾಂತಯ್ಯ ಖುದ್ದು ನಿಂತು, "ಕಾಟಾಚಾರಕ್ಕೆ ಹಾಕ್ಬ್ಯಾಡ್ರಲಾ, ಇನ್ನೂ ಸುರೀರಿ, ಇನ್ನೂ ಸುರೀರಿ" ಎಂದು ಸುರಿಸಿದ. ಅದು ಉಬ್ಬಿನ ಅಳತೆ ಮೀರಿ, ರಸ್ತೆಗೆ ಅಡ್ಡ ಮಲಗಿ ಮೆಲುಕು ಹಾಕುವ ಎಮ್ಮೆಯ ಆಕಾರಕ್ಕೆ ಬಂದು ನಿಂತಿತು.

ಆಗ ಅವನ ಬಳಿ ಇದ್ದದ್ದು ಸೈಕಲ್ಲು. ಈಗ ಇರುವುದು ಪಿಕಪ್ಪು. ತೋಟದಿಂದ ತೆಂಗಿನಕಾಯಿ ತುಂಬಿಕೊಂಡು ಬಂದಾಗಲೆಲ್ಲ ಎಮ್ಮೆಯ ಬೆನ್ನಿಗೆ ಗಾಡಿಯ ಹೊಟ್ಟೆ ತಗುಲಿ 'ಕರ್ರ್' ಎನ್ನುತ್ತಿತ್ತು. ಹೋದ ವಾರ ಸೈಲೆನ್ಸರೇ ಕಿತ್ತುಬಿತ್ತು. ಎದುರು ಮನೆಯ ಈರಣ್ಣ ಅದನ್ನು ಎತ್ತಿಕೊಂಡು ಬಂದು, ತಾಂಬೂಲ ಕೊಡುವವನ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

"ಏಕಾಂತಣ್ಣ, ಉಬ್ಬನ್ನ ಒಂದು ಗೇಣು ಕೆತ್ತಿಸ್ಬುಡು. ನಿನ್ ಗಾಡಿಗೂ ಸುಖ, ನನ್ ಸೊಂಟಕ್ಕೂ ಸುಖ."

"ಹೋರಾಟದ ಫಲ ಕಣ್ಲಾ ಅದು!"

"ಫಲ ಸರಿ ಕಣಣ್ಣ. ದಿನಾ ನಮ್ ಸೊಂಟದ ಮ್ಯಾಲೇ ಉದುರ್ತದಲ್ಲ!"

ಒಳಗಿನಿಂದ ಕಲ್ಲಮ್ಮನೂ ದನಿಗೂಡಿಸಿದಳು. "ಹಾರೆ ತಗಂಡ್ರೆ ಅರ್ಧ ದಿನದ ಕೆಲ್ಸ ಕಣ್ರೀ."

"ಇವತ್ತು ಉಬ್ಬು ಬುಟ್ಕೊಟ್ರೆ ನಾಳೆ ಇನ್ನೇನ್ ಕೇಳ್ತಾರೋ?"

"ಯಾರು ಕೇಳ್ತಾರೆ?"

"ವ್ಯವಸ್ಥೆ ಕಣೇ, ವ್ಯವಸ್ಥೆ!"

"ವ್ಯವಸ್ಥೆ ಏನಾರ ಮಾಡ್ಕಳ್ಳಿ. ಬರೋ ಶುಕ್ರವಾರ ದಂಡಿನಶಿವರದಾಗೆ ನನ್ ತಮ್ಮನ ಮೊಮ್ಮಗೂನ ತೊಟ್ಲು ಶಾಸ್ತ್ರ. ನಮ್ ತವರಿನ ತೊಟ್ಲು ಇರಾದು ಈ ಮನ್ಯಾಗೆ. ಹನ್ನೊಂದು ಗಂಟೆಗೆ ತೊಟ್ಲು ಅಲ್ಲಿರ್ಬೇಕು. ಅದು ಹೋಗ್ದೆ ಮಗೂಗೆ ಹೆಸ್ರಿಡಂಗಿಲ್ಲ. ಅವತ್ತು ನಿಮ್ ಗಾಡಿ ಏನಾರ ಕೈಕೊಡ್ತೋ, ನಾನು ಸುಮ್ಕಿರಾಕಿಲ್ಲ."

ಏಕಾಂತಯ್ಯ ಎರಡು ದಿನ ಚಿಂತನ ಮಂಥನ ನಡೆಸಿದ. ಉಬ್ಬು ಕೆಳಗಿಳಿಯುವ ಹಾಗಿಲ್ಲ, ಅದು ತತ್ವದ ಪ್ರಶ್ನೆ. ಹಾಗಾದರೆ ಗಾಡಿ ಮೇಲೇಳಬೇಕು. ಈ ಸರಳ ಸತ್ಯ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ತನ್ನ ತಲೆಯನ್ನು ತಾನೇ ಮೆಚ್ಚಿಕೊಂಡು ತಿಪಟೂರಿಗೆ ಹೊರಟ.

ಅಲ್ಲಿ ಹುಳಿಯಾರಿನ ಕಡೆಯ ಚಿತ್ತೇಶ ಎಂಬುವನು ಗ್ಯಾರೇಜು ಇಟ್ಟಿದ್ದ. ಗಾಡಿಯ ಅಡಿಗೆ ತೂರಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ: "ಮೂರು ದಾರಿ ಅವೆ ಯಜಮಾನ್ರೇ. ಹಿಂದ್ಲು ಸ್ಪ್ರಿಂಗ್ ಕಮಾನಿಗೆ ಎರಡು ಪ್ಲೇಟು ಜಾಸ್ತಿ ಹಾಕಾದು ಒಂದು. ಕಮಾನಿಗೂ ಗಾಲಿ ಅಚ್ಚಿಗೂ ಮಧ್ಯ ಕಬ್ಬಿಣದ ದಿಮ್ಮಿ ಕೊಟ್ಟು ಎತ್ರಿಸಾದು ಇನ್ನೊಂದು. ಮೂರ್ನೇದು ಹೈಕ್ಳು ಹಾಕುಸ್ತಾರಲ್ಲ, ಪೂರ್ತಿ ಕಿಟ್ಟು." ಎಂದವನೇ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಪಿಕಪ್ಪೊಂದು ಮೇಕೆಯ ಹಾಗೆ ಬಂಡೆ ಹತ್ತುತ್ತಿತ್ತು. "ಇದು ಗುಡ್ಡ ಹತ್ತೋರಿಗೆ. ನೀವು ಯಾವ ಗುಡ್ಡ ಹತ್ಬೇಕು?"

"ನಮ್ಮನೆ ಮುಂದ್ಲದು."

ಪೂರ್ತಿ ಕಿಟ್ಟು ಪರದೇಶದ ಮಾಲು ಎಂದು ತಿಳಿದ ಕೂಡಲೇ ಏಕಾಂತಯ್ಯ ಅದನ್ನು ಸೈದ್ಧಾಂತಿಕವಾಗಿ ತಿರಸ್ಕರಿಸಿದ. ಉಳಿದದ್ದರಲ್ಲಿ ಯಾವುದು ವಾಸಿ ಎಂದು ಕೇಳಿದ.

"ಎರಡು ಪ್ಲೇಟು ಸಾಕು."

ಇಲ್ಲಿ ಏಕಾಂತಯ್ಯನ ಮೂವತ್ತು ವರ್ಷದ ಅನುಭವ ತಲೆಯೆತ್ತಿತು. ಎದುರಿನವನು ತಾನಾಗಿಯೇ 'ಸಾಕು' ಎಂದರೆ ಅದು ಸಾಲದು ಎಂದೇ ಅರ್ಥ. ಎರಡು ಬೇಕಾದರೆ ನಾಲ್ಕು ಕೇಳಬೇಕು. ಜಗ್ಗಾಡಿ ಜಗ್ಗಾಡಿ ಎರಡಕ್ಕೆ ಬಂದು ನಿಲ್ಲುತ್ತಾರೆ. ಇದು ಚಳವಳಿಯ ಅ ಆ ಇ ಈ. ಮೀಸೆ ತಿರುವಿ ಹೇಳಿದ: "ನಾಲ್ಕು ಪ್ಲೇಟು. ದಿಮ್ಮೀನೂ ಬೇಕು. ಮುಂದ್ಲೂ ಎತ್ಬೇಕು. ಒಂದು ಬೇಡಿಕೇನೂ ಬುಟ್ಕೊಡಲ್ಲ."

ಸರ್ಕಾರಕ್ಕೂ ಚಿತ್ತೇಶನಿಗೂ ಇರುವ ವ್ಯತ್ಯಾಸ ಅವನಿಗೆ ಗೊತ್ತಿರಲಿಲ್ಲ. ಚಿತ್ತೇಶ "ಆಗ್ಲಿ ಬುಡಿ" ಎಂದು ಎಲ್ಲ ಬೇಡಿಕೆಗಳನ್ನೂ ಒಂದೇ ಮಧ್ಯಾಹ್ನದಲ್ಲಿ ಈಡೇರಿಸಿಬಿಟ್ಟ. ರಸ್ತೆ ತಡೆಯಿಲ್ಲದೆ ಬೇಡಿಕೆ ಪೂರ್ತಿ ಈಡೇರಿದ್ದು ಬಾಳಿನಲ್ಲಿ ಅದೇ ಮೊದಲಾದ್ದರಿಂದ ಮುಂದೇನು ಮಾಡಬೇಕೆಂದು ತಿಳಿಯದೆ ಏಕಾಂತಯ್ಯ ಗಾಡಿಗೆ ಎರಡು ಸುತ್ತು ಬಂದ.

"ಖಾಲಿ ಇದ್ದಾಗ ಹಿಂದ್ಲು ಎತ್ಕಂಡು ನಿಂತ್ಕತದೆ, ಭಾರ ಬಿದ್ರೆ ಕುಗ್ತದೆ," ಎಂದ ಚಿತ್ತೇಶ. "ಸೂರಿನಡಿ ನಿಲ್ಸಂಗಿದ್ರೆ ಅಳತೆ ನೋಡ್ಕಳಿ."

ಮನೆಗೆ ಬಂದ ಗಾಡಿ ಒದೆಯಲು ಸಿದ್ಧವಾದ ಹಸುವಿನಂತೆ ಹಿಂಭಾಗ ಎತ್ತಿ ನಿಂತಿತ್ತು. ಕಲ್ಲಮ್ಮ ಬಾಗಿಲು ತೆಗೆದು ನೋಡಿದಳು. ಸೀಟು ಅವಳ ಎದೆಮಟ್ಟಕ್ಕಿತ್ತು.

"ಏಣಿ ಎಲ್ಲೈತೆ?"

"ಏಣಿ ಯಾಕೆ? ಕಾಲೆತ್ತಿಟ್ಟು ಹತ್ತು."

"ನನ್ ಮೊಣಕಾಲಿಗೂ ನಾಲ್ಕು ಪ್ಲೇಟು ಹಾಕ್ಸಿ, ಹತ್ತೀನಿ."

ಗುರುವಾರ ಸಂಜೆ ಏಕಾಂತಯ್ಯ ತೋಟದಿಂದ ಗಾಡಿ ತುಂಬ ಕಾಯಿ ಹೇರಿಕೊಂಡು ಬಂದು, ಉಬ್ಬು ಹತ್ತಿಸಿ ಇಳಿಸಿದ. ಸದ್ದೇ ಇಲ್ಲ. ಗಾಡಿ ನಿಲ್ಲಿಸಿ, ಕೆಳಗಿಳಿದು, ನಡೆದುಕೊಂಡು ಹೋಗಿ ಈರಣ್ಣನ ಜಗಲಿಯ ಮುಂದೆ ನಿಂತ.

"ಕೇಳುಸ್ತೇನ್ಲಾ?"

"ಏನೂ ಕೇಳುಸ್ಲಿಲ್ವಲ್ಲ."

"ಅದೇ ಕಣ್ಲಾ ಕೇಳುಸ್ಬೇಕಾದ್ದು!"

ಆ ಉತ್ಸಾಹದಲ್ಲೇ ಗಾಡಿಯನ್ನು ಅಟ್ಟದ ಅಡಿಗೆ ನುಗ್ಗಿಸಿದ. ಈ ಸೀಮೆಯಲ್ಲಿ ಕಾಯಿ ಕೊಬ್ಬರಿಯಾಗುವುದು ಅಟ್ಟದ ಮೇಲೆ. ವರ್ಷದ ತನಕ ಸಿಪ್ಪೆಯೊಳಗೇ ಕೂತು ಒಣಗುತ್ತದೆ. ಮೇಲೆ ಅಡಿಕೆ ದಬ್ಬೆ ಹಾಸಿನ ತುಂಬ ಕಾಯಿ, ಕೆಳಗೆ ದನಗಳಿದ್ದ ಜಾಗದಲ್ಲಿ ಈಗ ಪಿಕಪ್ಪು. ಗಾಡಿಯ ಹಿಂಭಾಗಕ್ಕೆ ಬೆಸುಗೆ ಹಾಕಿಸಿದ್ದ ಕಂಬಿಯ ಗೂಡಿಗೂ ಅಟ್ಟದ ತೊಲೆಗೂ ನಡುವೆ ಕೈ ಇಟ್ಟು ಅಳೆದ. ನಾಲ್ಕು ಬೆರಳು ಬಿಡುವು. "ಅಳತೆ ನೋಡ್ಕಳಿ ಅಂದಿದ್ದ, ನೋಡ್ದೆ," ಎಂದು ಹೆಂಡತಿಗೆ ವರದಿ ಒಪ್ಪಿಸಿದ. ಕಾಯಿ ಕೆಲಸದ ಕ್ಯಾತಮ್ಮ ತನ್ನ ಕಡೆಯ ಹೆಂಗಸರೊಂದಿಗೆ ಮಂಕರಿ ಮಂಕರಿಯಾಗಿ ಅಷ್ಟೂ ಕಾಯನ್ನು ಅಟ್ಟಕ್ಕೇರಿಸಿ ಮನೆಗೆ ಹೋದಳು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಕಲ್ಲಮ್ಮ ರೇಷ್ಮೆ ಸೀರೆ ಉಟ್ಟು, ಅರಿಸಿನ ಕುಂಕುಮ ಹಚ್ಚಿದ ತೊಟ್ಟಿಲನ್ನು ಜಗಲಿಗಿಟ್ಟು ನಿಂತಳು. ಏಕಾಂತಯ್ಯ ಗಾಡಿ ಹಿಂದಕ್ಕೆ ತೆಗೆದ. 'ಕಟ್' ಎಂದಿತು. ಇನ್ನಷ್ಟು ಒತ್ತಿದ. ಇಡೀ ಅಟ್ಟವೇ ನಡುಗಿ ಮೂರು ಕಾಯಿ ದಡದಡ ಬಾನೆಟ್ಟಿನ ಮೇಲೆ ಬಿದ್ದವು. ಇಳಿದು ನೋಡಿದರೆ ನಾಲ್ಕು ಬೆರಳಿನ ಜಾಗದಲ್ಲಿ ಬೀಡಿಯೂ ತೂರುವಂತಿರಲಿಲ್ಲ. ಕಂಬಿಯ ಗೂಡು ತೊಲೆಗೆ ಕಚ್ಚಿಕೊಂಡಿತ್ತು.

"ರಾತ್ರೋರಾತ್ರಿ ಯಾರೋ ಪಿತೂರಿ ಮಾಡವ್ರೆ," ಎಂದ.

ಕೆಲಸಕ್ಕೆ ಬಂದ ಕ್ಯಾತಮ್ಮ ಬಗ್ಗಿ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಯಾರ ಪಿತೂರಿ ಬಂತಣ್ಣ? ಕಾಯಿ ಗಾಡಿಯಾಗಿದ್ದಾಗ ಅಳ್ದಿದೀಯ. ಈಗ ಕಾಯೆಲ್ಲ ಮ್ಯಾಕ್ ಹೋದೊ. ಭಾರ ಇಳ್ದು ಗಾಡಿ ಎದ್ದು ನಿಂತೈತೆ, ಭಾರ ಬಿದ್ದು ಅಟ್ಟ ಕೆಳಕ್ ಜಗ್ಗೈತೆ. ಎರಡೂ ಸೇರ್ಕಂಡವೆ."

ಚಿತ್ತೇಶನಿಗೆ ಫೋನು ಹೋಯಿತು. ಟೈರಿನ ಗಾಳಿ ಅರ್ಧ ಬಿಡಿ ಎಂದ. ಬಿಟ್ಟರು. ಗಾಡಿ ಇಳಿದಷ್ಟೂ ಜಗ್ಗಿದ ತೊಲೆ ಅದರ ಬೆನ್ನಿಗೇ ಇಳಿಯಿತು. ಗ್ಯಾಸಿನಲ್ಲಿ ಕಂಬಿ ಕತ್ತರಿಸಲು ಬರಲೇ ಎಂದ. ಕಲ್ಲಮ್ಮ ಫೋನು ಕಿತ್ತುಕೊಂಡು, "ಒಣಗಿದ ಕಾಯಿ ಕೆಳಗೆ ಬೆಂಕಿ ಹಚ್ತೀಯೇನಪ್ಪ?" ಎಂದಳು. "ಹಂಗಾರೆ ಗಾಡಿಗೆ ಭಾರ ಹಾಕಿ ಕಣಮ್ಮ, ಕುಗ್ಗಿ ಈಚೆ ಬತ್ತದೆ," ಎಂದು ಅವನು ಫೋನಿಟ್ಟ.

"ಕಾಯೆಲ್ಲ ತಿರ್ಗ ಇಳ್ಸೋ ಹೊತ್ಗೆ ಮದ್ಯಾನ ಆಯ್ತದೆ," ಎಂದಳು ಕಲ್ಲಮ್ಮ. "ಜನ ಕೂರ್ಸಿ. ಧರಣಿಗೆ ಜನ ಸೇರ್ಸೋದ್ರಲ್ಲಿ ನಿಮ್ಮನ್ನ ಬುಟ್ರೆ ಯಾರಿಲ್ಲ ಅಂತಿದ್ರಲ್ಲ."

ಏಕಾಂತಯ್ಯ ಶಾಲು ಹೊದ್ದು ಮನೆಮನೆಗೆ ಹೋದ. 'ರೈತ ಬಾಂಧವರೇ' ಎಂದು ಶುರು ಮಾಡುವಷ್ಟರಲ್ಲೇ ಬಾಂಧವರು ಹಿತ್ತಿಲಿನಿಂದ ಪಾರಾದರು. ಅರ್ಧ ಗಂಟೆ ಸುತ್ತಿದ ಮೇಲೆ ಸಿಕ್ಕಿದ್ದು ಕಿವಿ ಕೇಳದ ಒಬ್ಬ ಮುದುಕ. ಆಗ ಕಲ್ಲಮ್ಮ ರೇಷ್ಮೆ ಸೀರೆಯಲ್ಲೇ ಬೀದಿಗಿಳಿದು, ಉಬ್ಬಿನ ಮೇಲೆ ನಿಂತು, ಒಂದೇ ಸಲ ಕೂಗಿದಳು:

"ಈ ಉಬ್ಬು ಹೋಗ್ಬೇಕು ಅನ್ನೋರೆಲ್ಲ ಬಂದು ನಮ್ ಪಿಕಪ್ಪಲ್ಲಿ ಕುತ್ಕಳಿ!"

ಹತ್ತು ನಿಮಿಷದಲ್ಲಿ ಗಾಡಿ ತುಂಬಿತು. ಈರಣ್ಣ, ಈರಣ್ಣನ ಮನೆಯವರು, ಕ್ಯಾತಮ್ಮನ ಬಳಗ, ಹಾಲು ಹಾಕಲು ಹೊರಟಿದ್ದವರು, ಇಪ್ಪತ್ತೆರಡು ಜನ. ಏಕಾಂತಯ್ಯನ ಯಾವ ಧರಣಿಯೂ ಇಷ್ಟು ಜನ ಕಂಡಿರಲಿಲ್ಲ. ಈರಣ್ಣ ಮುಷ್ಟಿ ಎತ್ತಿ, "ಬೇಕೇ ಬೇಕು!" ಎಂದ. "ನ್ಯಾಯ ಬೇಕು!" ಎಂದಿತು ಗಾಡಿ. ಕಲಿಸಿಕೊಟ್ಟವನು ಏಕಾಂತಯ್ಯನೇ.

ಗೂಡು ಕುಗ್ಗಿತು, ಕುಗ್ಗಿತು, ಇನ್ನೊಂದು ಬೆರಳು ಇಳಿದರೆ ತೊಲೆ ಬಿಡುವಷ್ಟಕ್ಕೆ ಬಂದು ನಿಂತಿತು. ಎಲ್ಲರ ಕಣ್ಣೂ ಕಲ್ಲಮ್ಮನ ಮೇಲೆ ಬಿತ್ತು. ಅವಳು ತೂಕದ ಹೆಂಗಸು, ಎಲ್ಲ ಅರ್ಥದಲ್ಲೂ.

"ಹತ್ತು ಕಣೇ," ಎಂದ ಏಕಾಂತಯ್ಯ.

"ಬೇಡಿಕೆ ಈಡೇರ್ಲಿ, ಆಮ್ಯಾಕೆ ಹತ್ತೀನಿ. ಒಂದು, ಉಬ್ಬು ಇವತ್ತೇ ಹೋಗ್ಬೇಕು. ಎರಡು, ಅದನ್ನ ನೀವೇ ಒಡೀಬೇಕು. ಮೂರು, ನಾಲ್ಕೂ ಪ್ಲೇಟು ಬಿಚ್ಚಿಸ್ಬೇಕು. ನಾಲ್ಕು, ಇನ್ಮೇಲೆ ಗಾಡಿಗೆ ಏನ್ ಮಾಡ್ಸೋದಾದ್ರೂ ನನ್ನ ಕೇಳ್ಬೇಕು."

ಏಕಾಂತಯ್ಯ ಹಿಂದೆ ಮುಂದೆ ನೋಡಿದ. ತನ್ನ ಬಾಯಿಂದ ಬಂದ ತಹಸೀಲ್ದಾರರ ಮಾತು ಕೇಳಿ ತಾನೇ ಬೆಚ್ಚಿದ. "ಎಲ್ಲಾನೂ ಕೂಲಂಕಷವಾಗಿ ಪರಿಶೀಲಿಸ್ತೀನಿ."

"ಧಿಕ್ಕಾರ!" ಎಂದಿತು ಗಾಡಿ.

"ಎರಡು ಒಪ್ಕತೀನಿ."

"ನಾಲ್ಕು ಕೇಳಿ ಎರಡಕ್ಕೆ ಇಳಿಯೋಳಲ್ಲ ನಾನು. ಬರ್ದು ಕೊಡಿ. ಗಂಟೆ ಒಂಬತ್ತೂವರೆ."

ತೊಟ್ಟಿಲಿನ ಕಡೆ ನೋಡಿ, ಕಾಯಿ ಹರಾಜಿನ ಹಳೆಯ ಚೀಟಿಯ ಬೆನ್ನಿಗೆ ನಾಲ್ಕನ್ನೂ ಬರೆದು ಸಹಿ ಹಾಕಿದ. ಕ್ಯಾತಮ್ಮ ಮಂಕರಿ ಬೋರಲು ಹಾಕಿದಳು, ನಾಲ್ವರು ಕೈ ಕೊಟ್ಟರು, ಕಲ್ಲಮ್ಮ ಹತ್ತಿ ಕೂತಳು. ಗೂಡು ತೊಲೆ ಬಿಟ್ಟಿತು. ಗಾಡಿ ಬೆಣ್ಣೆಯೊಳಗಿನ ಕೂದಲಿನ ಹಾಗೆ ಹೊರಗೆ ಬಂತು. ಶಿಳ್ಳೆಯೋ ಶಿಳ್ಳೆ.

ಅಲ್ಲಿಗೆ ಎಲ್ಲರನ್ನೂ ಇಳಿಸಿ, ಗಾಳಿ ತುಂಬಿಸಿ, ತೊಟ್ಟಿಲಿಟ್ಟುಕೊಂಡು ಹೋಗಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕಣ್ಣೆದುರು ಉಬ್ಬು ಮಲಗಿತ್ತು, ಬೆನ್ನ ಹಿಂದೆ ಇಪ್ಪತ್ಮೂರು ಜನ ನಗುತ್ತಿದ್ದರು. "ಯಾರೂ ಇಳೀಬ್ಯಾಡಿ," ಎಂದ ಏಕಾಂತಯ್ಯ. "ಒಡೆಯಾದು ಒಡೀತೀನಿ. ಅದುಕ್ಮುಂಚೆ ಒಂದ್ಸಲ ಹೆಂಗೆ ದಾಟುಸ್ತೀನಿ ನೋಡಿ. ಆಮ್ಯಾಲೆ ಮಾತಾಡಿ."

ಅರ್ಧ ಗಾಳಿಯ ಮುಂದಿನ ಟೈರುಗಳು ಉಬ್ಬು ಹತ್ತಿ ಇಳಿದವು. ನಡುವಿಗೆ ಬಂದಾಗ 'ಕರ್ರ್' ಎಂದಿತು. ಗಾಡಿ ಎಮ್ಮೆಯ ಬೆನ್ನಿನ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. 'ಟಣ್' ಎಂದು ಸೈಲೆನ್ಸರು ಉರುಳಿತು. ಹಿಂದಿನಿಂದ ತುರುವೇಕೆರೆ ಬಸ್ಸು ಬಂದು ನಿಂತು ಒಂದೇ ಸಮನೆ ಹಾರನ್ ಹೊಡೆಯತೊಡಗಿತು.

"ಏನ್ ಯಜಮಾನ್ರೇ, ಇವತ್ತು ಯಾವ ವಿಷಯಕ್ಕೆ ರಸ್ತೆ ತಡೆ?" ಎಂದ ಡ್ರೈವರು ತಲೆ ಹೊರಹಾಕಿ.

ಬಸ್ಸಿನವರೂ ಗಾಡಿಯವರೂ ಸೇರಿ ಪಿಕಪ್ಪನ್ನು ಎತ್ತಿ ಆಚೆಗೆ ತಳ್ಳಿದರು. ಕಲ್ಲಮ್ಮ ಬಸ್ಸನ್ನು ಉಬ್ಬಿನ ಪಕ್ಕಕ್ಕೇ ನಿಲ್ಲಿಸಿಕೊಂಡು, ಉಬ್ಬಿನ ಮೇಲಿಂದ ಮೆಟ್ಟಿಲಿಗೆ ಸಲೀಸಾಗಿ ಕಾಲಿಟ್ಟಳು. ಈರಣ್ಣ ತೊಟ್ಟಿಲನ್ನು ಒಳಗೆ ಕೊಟ್ಟ. ಅವಳು ಕಿಟಕಿಯಿಂದ ಚೀಟಿ ಆಡಿಸಿ, "ಸಂಜೆ ಬತ್ತೀನಿ. ಬರೋ ಹೊತ್ಗೆ ರಸ್ತೆ ಸಮ ಇರ್ಬೇಕು," ಎಂದಳು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ತೊಟ್ಟಿಲು ದಂಡಿನಶಿವರ ಸೇರಿತು. ಮಗುವಿಗೆ ಹೆಸರಿಟ್ಟರು, ಭಾನುಪ್ರಿಯಾ ಎಂದು.

ಏಕಾಂತಯ್ಯ ಬಿಸಿಲಿನಲ್ಲಿ ಹಾರೆ ಹಿಡಿದು ಹೊಡೆದ. ತಾನೇ ನಿಂತು ಸುರಿಸಿದ್ದ ಮಾಲು, ಗಟ್ಟಿಯಾಗಿತ್ತು. ಈರಣ್ಣ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ, "ಕಾಟಾಚಾರಕ್ಕೆ ಒಡೀಬ್ಯಾಡ ಕಣಣ್ಣ," ಎಂದ. ಸಂಜೆಗೆ ರಸ್ತೆ ಸಮವಾಯಿತು. ಮಾರನೆಯ ದಿನ ಪ್ಲೇಟುಗಳೂ ಬಿಚ್ಚಿಕೊಂಡವು, ಸೈಲೆನ್ಸರು ಮತ್ತೆ ಕೂತಿತು. ಗಾಡಿ ಸದ್ದಿಲ್ಲದೆ ಓಡಾಡತೊಡಗಿತು. ಏಕಾಂತಯ್ಯ ಮೂರು ದಿನ ಯಾರ ಸುದ್ದಿಗೂ ಹೋಗದೆ ನೆಮ್ಮದಿಯಾಗಿ ಕಾಯಿ ಎಣಿಸಿಕೊಂಡಿದ್ದ.

ನಾಲ್ಕನೆಯ ದಿನ ಹಗಲು ಹನ್ನೆರಡರ ಹೊತ್ತಿಗೆ ಬೀದಿಯಲ್ಲಿ ಏನೋ ಭರ್ರೆಂದು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕಲ್ಲಮ್ಮ ಒಳಗೆ ಬಂದು ಅವನ ಮುಂದೆ ನಿಂತಳು. ಅಂಗೈಯಲ್ಲಿ ಒಂದು ಸಂಡಿಗೆ. ಸಂಡಿಗೆಯ ಮೇಲೆ ಟೈರಿನ ಅಚ್ಚು.

"ಜಲ್ಲಿ ಟ್ರಾಕ್ಟ್ರು ಕಣ್ರೀ. ಬ್ರೇಕ್ ಹಿಡಿಯೋ ಮಾತೇ ಇಲ್ಲ. ಇದುಕ್ಕೇನ್ ಮಾಡ್ತೀರಿ?"

ಏಕಾಂತಯ್ಯ ಸಂಡಿಗೆಯನ್ನು ತಿರುಗಿಸಿ ನೋಡಿದ. ಎದ್ದು, ಗೋಡೆಯ ಮೊಳೆಯ ಕಡೆಗೆ ಕೈ ಚಾಚಿದ. ಮೊಳೆ ಖಾಲಿಯಿತ್ತು.

"ಶಾಲು ಎಲ್ಲೇ?"

"ಚಾಪೆ ಹರ್ದೋಗಿತ್ತು ಕಣ್ರೀ," ಎಂದಳು ಕಲ್ಲಮ್ಮ. "ಶಾಲಿನ ಮ್ಯಾಲೇ ಸಂಡಿಗೆ ಒಣಾಕಿದ್ದೆ."