ಆಮೇಲಪ್ಪನ ಬಯೋಡೇಟಾ

"ಇವತ್ತು ಸಂಜೆ ಐದಕ್ಕೆ ಕೊನೆ. ಐದೂ ಒಂದಕ್ಕಲ್ಲ!"

ಹೆಂಡತಿ ಚಪ್ಪಲಿ ಮೆಟ್ಟುತ್ತ ಇಷ್ಟು ಹೇಳಿ ಶಾಲೆಯ ಆಫೀಸಿನ ಕೆಲಸಕ್ಕೆ ಹೊರಟುಹೋದಳು. ಆಮೇಲಪ್ಪ ಗಡಿಯಾರ ನೋಡಿದ. ಎಂಟೂವರೆ. ಬೇಕಾದಷ್ಟು ಹೊತ್ತಿದೆ ಅನ್ನಿಸಿತು. ಅವನಿಗೆ ಯಾವಾಗಲೂ ಹಾಗೇ ಅನ್ನಿಸುತ್ತಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಏನು ಹೇಳಿದರೂ "ಆಮೇಲೆ ಮಾಡ್ತೀನಿ" ಅನ್ನುತ್ತಿದ್ದುದರಿಂದ ಬೀದಿಯವರೆಲ್ಲ ಸೇರಿ ಈ ಹೆಸರು ಅಂಟಿಸಿದ್ದರು. ಹಾಗೆಂದು ಕೆಲಸಗಳ್ಳನೇನಲ್ಲ. ಕನ್ನಡಕದ ಗಾಜನ್ನು ನಂಬರಿಗೆ ತಕ್ಕಂತೆ ಉಜ್ಜುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಥವನು ಹನ್ನೊಂದು ವರ್ಷದಿಂದ ಒಂದು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಕಿರ್ರೆನ್ನುವ ಯಂತ್ರದ ಮುಂದೆ ಕೂತಿದ್ದ. ಕೋಣೆಗೆ ಕಿಟಕಿಯಿರಲಿಲ್ಲ. ಹೊರಗೆ ಮಳೆ ಬಂತೋ ಬಿಸಿಲು ಬಂತೋ ಅಂತ ಗಿರಾಕಿಗಳ ಕೊಡೆ ನೋಡಿ ತಿಳಿದುಕೊಳ್ಳಬೇಕಿತ್ತು.

ಈಗ ಕಣ್ಣಾಸ್ಪತ್ರೆಯವರು ಅದೇ ಕೆಲಸಕ್ಕೆ ಜನ ಕೇಳಿದ್ದರು. ಖಾಯಂ ಕೆಲಸ, ಗಾಳಿ ಬೆಳಕಿನ ಕೋಣೆ. ಮೇಲ್ ಮಾಡಬೇಕಾದದ್ದು ಒಂದು ಹೊಸ ಬಯೋಡೇಟಾ, ಅಷ್ಟೇ. ಪ್ರಕಟಣೆ ಬಂದು ತಿಂಗಳಾಗಿತ್ತು.

ಆಮೇಲಪ್ಪ ಮೊದಲು ಅಂಗಡಿಗೆ ಫೋನ್ ಮಾಡಿದ. ದನಿಯನ್ನು ಆದಷ್ಟು ನರಳಿಸಿ, "ಯಜಮಾನ್ರೇ, ಜ್ವರ. ತಲೆ ಎತ್ತೋಕಾಗ್ತಿಲ್ಲ" ಅಂದ.

"ಅಯ್ಯೋ, ಮಲಗಪ್ಪಾ ಮಲಗು. ನನ್ನ ಅಳಿಯ ಇದಾನಲ್ಲ, ನೋಡ್ಕೋತಾನೆ."

ಯಜಮಾನರು ಒಳ್ಳೆಯವರು. ಅಳಿಯ ಎರಡು ವರ್ಷದಿಂದ ಕೆಲಸ ಕಲಿಯುತ್ತಲೇ ಇದ್ದ. ಅವನು ಮುಟ್ಟಿದ ಗಾಜೆಲ್ಲ ಎರಡಾಗುತ್ತಿತ್ತು.

ಆಮೇಲಪ್ಪ ಕಂಪ್ಯೂಟರ್ ತೆರೆದ. ಒಂಬತ್ತು ವರ್ಷದ ಹಿಂದಿನ ಬಯೋಡೇಟಾ ಬಂತು. 'ಅವಿವಾಹಿತ' ಎಂದಿತ್ತು. ಮಗಳು ಮೂರನೇ ಕ್ಲಾಸು. ಮೊದಲಿನ 'ಅ' ಅಳಿಸಿದ. ಒಂದೇ ಅಕ್ಷರದಲ್ಲಿ ಸಂಸಾರವಂದಿಗನಾದ ಖುಷಿಗೆ ಎದ್ದು ಹೋಗಿ ಕಾಫಿ ಮಾಡಿಕೊಂಡ.

ಕಾಫಿ ಮುಗಿದ ಮೇಲೆ ಕೀಲಿಮಣೆಯ ಸಂದಿಯಲ್ಲಿ ಧೂಳು ಕಂಡಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಆ ಧೂಳು ಬಂದದ್ದು ಫ್ಯಾನಿನಿಂದ ಎಂದು ಗೊತ್ತಾಯಿತು. ಕುರ್ಚಿ ಹತ್ತಿ ಫ್ಯಾನು ಒರೆಸತೊಡಗಿದ. ಗಡಿಯಾರ ನೋಡುವುದು, ಒರೆಸುವುದು, ಮತ್ತೆ ಗಡಿಯಾರ ನೋಡುವುದು. ಹನ್ನೆರಡಾಯಿತು.

"ಏನಣ್ಣಾ, ಕೆಲಸಕ್ಕೆ ಹೋಗೋದು ಬಿಟ್ಟು ಫ್ಯಾನ್ ಮೇಲೆ ಕೂತಿದ್ದೀರಿ?"

ಪಕ್ಕದ ಮನೆಯ ಟೈಲರಮ್ಮ ಕಿಟಕಿಯಲ್ಲಿ ನಿಂತಿದ್ದಳು. ಆಮೇಲಪ್ಪ ಗುಟ್ಟಾಗಿ ವಿಷಯ ಹೇಳಿದ. ಆಕೆ ಅಷ್ಟೇ ಗುಟ್ಟಾಗಿ ಮಹಡಿಯತ್ತ ಕೂಗಿದಳು: "ಮೇಷ್ಟ್ರೇ! ಆಮೇಲಪ್ಪಣ್ಣ ಕೆಲಸಕ್ಕೆ ಅರ್ಜಿ ಹಾಕ್ತಿದಾರಂತೆ, ಬೇಗ ಬನ್ನಿ!"

ನಿವೃತ್ತ ಹೆಡ್‌ಮೇಷ್ಟ್ರು ಕೆಂಪು ಪೆನ್ನು ಹಿಡಿದೇ ಇಳಿದು ಬಂದರು. ನಿವೃತ್ತಿಯಾದಾಗಿನಿಂದ ತಿದ್ದಲು ಏನೂ ಸಿಗದೆ ಅವರು ಸೊರಗಿಹೋಗಿದ್ದರು.

"ಇದೇನಯ್ಯಾ, 'ಗಾಜು ಉಜ್ಜುತ್ತೇನೆ' ಅಂತ ಬರೆದಿದ್ದೀಯ? ಪಾತ್ರೆ ಉಜ್ಜೋ ಹಾಗೆ! 'ಮಂದದೃಷ್ಟಿಯ ವಿರುದ್ಧ ಹನ್ನೊಂದು ವರ್ಷಗಳ ಅವಿರತ ಹೋರಾಟ' ಅಂತ ಹಾಕು."

"ಮೇಷ್ಟ್ರೇ, ಅಷ್ಟೆಲ್ಲಾ..."

"ಹವ್ಯಾಸ ಏನು?"

"ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಮಲಗ್ತೀನಿ."

"'ಏಕಾಂತ ಚಿಂತನೆ' ಅಂತ ಬರಿ."

ಹೀಗೆ ಅರ್ಧ ಪುಟದ ಬಯೋಡೇಟಾ ಬಸುರಿಯಂತೆ ಉಬ್ಬಿ ನಾಲ್ಕು ಪುಟವಾಯಿತು. ನಡುವೆ ಮೇಷ್ಟ್ರು ಊಟಕ್ಕೆ ಹೋಗಿ, ಒಂದು ನಿದ್ದೆ ತೆಗೆದು ಬಂದು, ತಾವೇ ಬರೆಸಿದ್ದನ್ನು ಮತ್ತೆ ತಿದ್ದಿಸಿದರು. ಮೂರೂಮುಕ್ಕಾಲಾಯಿತು. ಆಮೇಲಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಕಾಲು ಕುಣಿಯುತ್ತಿತ್ತು. ಇನ್ನೊಂದು ಅದನ್ನು ತುಳಿದು ಹಿಡಿದಿತ್ತು.

"ಫೋಟೋ?" ಎಂದಳು ಟೈಲರಮ್ಮ. "ಈ ಅಂಗಿಯಲ್ಲಾ? ಚೆನ್ನಾಗಿರತ್ತೆ! ತಡೀರಿ."

ಗಿರಾಕಿಯೊಬ್ಬರ ಅರೆ ಹೊಲಿದ ಕೋಟು ತಂದು ತೊಡಿಸಿದಳು. ಒಂದೇ ತೋಳಿತ್ತು, ಮೈತುಂಬ ಗುಂಡುಸೂಜಿ. "ಉಸಿರಾಡಬೇಡಿ ಅಣ್ಣಾ, ಬಿಚ್ಚಿಕೊಳ್ಳತ್ತೆ" ಎನ್ನುತ್ತ ತನ್ನ ಮೊಬೈಲಿನಲ್ಲಿ ಕ್ಲಿಕ್ಕಿಸುವುದಕ್ಕೂ ಬೆನ್ನಿಗೊಂದು ಸೂಜಿ ಚುಚ್ಚುವುದಕ್ಕೂ ಸರಿಹೋಯಿತು. ಫೋಟೋದಲ್ಲಿ ಆಮೇಲಪ್ಪನ ಕಣ್ಣುಗಳು ಹಲಸಿನ ಬೀಜದಷ್ಟಾಗಿದ್ದವು.

"ಕಣ್ಣಾಸ್ಪತ್ರೆಗೆ ತಾನೇ, ಕಣ್ಣು ಚೆನ್ನಾಗಿ ಕಾಣ್ತಿದೆ" ಎಂದು ಮೇಷ್ಟ್ರು ಒಪ್ಪಿಗೆ ಕೊಟ್ಟರು.

ಫೋಟೋ ಅಂಟಿಸಿ ಪೆನ್‌ಡ್ರೈವಿಗೆ ಹಾಕಿಕೊಂಡದ್ದೇ ತಡ, ಕರೆಂಟು ಹೋಯಿತು. ನಾಲ್ಕೂ ಇಪ್ಪತ್ತು.

ಇನ್ನು ಮೇಲ್ ಕಳಿಸಲು ಉಳಿದದ್ದು ಮುಖ್ಯ ಬೀದಿಯ ಜನರೇಟರ್ ಇರುವ ಜೆರಾಕ್ಸ್ ಅಂಗಡಿ. ಅಲ್ಲಿಗೆ ಕನ್ನಡಕದಂಗಡಿಯ ಮುಂದೆಯೇ ಹಾದುಹೋಗಬೇಕು. ಜ್ವರದವನು ಓಡುವುದು ಕಂಡರೆ ಗತಿಯೇನು? ಆಮೇಲಪ್ಪ ತಲೆಗೆ ಟವೆಲ್ ಸುತ್ತಿ, ಹೊರಟಿದ್ದ ತರಕಾರಿ ಗಾಡಿಯೊಂದರ ಮರೆಯಲ್ಲಿ ಬಗ್ಗಿ ನಡೆದ. ಗಾಡಿಯವನು ಸರಿಯಾಗಿ ಕನ್ನಡಕದಂಗಡಿಯ ಮುಂದೆಯೇ ನಿಂತು ಟೊಮ್ಯಾಟೊ ತೂಗತೊಡಗಿದ. ಆಮೇಲಪ್ಪ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹತ್ತು ನಿಮಿಷ ಬೆವರಿಳಿಸಿದ.

ಜೆರಾಕ್ಸ್ ಅಂಗಡಿಗೆ ಮುಟ್ಟಿದಾಗ ನಾಲ್ಕೂ ನಲವತ್ತೈದು. ಎಂಟು ಜನ ಸಾಲಿನಲ್ಲಿದ್ದರು. ಅಂಗಡಿಯಾಕೆ ತಲೆಯೆತ್ತದೆ, "ರಶ್ ಇದೆ, ಆಮೇಲೆ ಬನ್ನಿ" ಅಂದಳು.

ಆ ಮಾತು ಕೇಳುವವರಿಗೆ ಎಷ್ಟು ಕಹಿ ಎಂದು ಆಮೇಲಪ್ಪನಿಗೆ ಬದುಕಿನಲ್ಲಿ ಮೊದಲ ಸಲ ತಿಳಿಯಿತು. "ಆಮೇಲೆ ಅನ್ನೋದು ಇಲ್ಲವೇ ಇಲ್ಲಮ್ಮಾ! ಈಗ! ಈಗಿಂದೀಗ!" ಎಂದು ಗುಡುಗಿದ. ಒಂಟಿ ತೋಳಿನ ಕೋಟು, ತಲೆಗೆ ಟವೆಲ್, ಮೈಯಲ್ಲಿ ಮಿರಮಿರ ಹೊಳೆಯುವ ಸೂಜಿಗಳು. ಸಾಲು ತಾನಾಗಿ ಇಬ್ಭಾಗವಾಯಿತು.

ನಾಲ್ಕೂ ಐವತ್ತಾರಕ್ಕೆ ಮೇಲ್ ಹೋಯಿತು. ಒಂದು ಪ್ರತಿ ಮುದ್ರಿಸಿಕೊಂಡು, ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು, ಕೋಟನ್ನು ಟೈಲರಮ್ಮನಿಗೆ ಮರಳಿಸಿ ಮನೆಗೆ ಬಂದ. ಎದೆ ಹಗುರಾಗಿತ್ತು. ಮಾಡಬೇಕಾದ ಕೆಲಸ ಮಾಡಿ ಮುಗಿಸಿದರೆ ಹೀಗಿರುತ್ತದೆ ಎಂದು ಯಾರೂ ಅವನಿಗೆ ಹೇಳಿಯೇ ಇರಲಿಲ್ಲ.

ಆರಕ್ಕೆ ಹೆಂಡತಿ ಬಂದಳು. ಸುದ್ದಿ ಕೇಳಿ, ಕಾಗದ ನೋಡಿ ಅವಳ ಮುಖ ಅರಳಿತು. "ನಿಜವಾಗ್ಲೂ ಕಳಿಸಿದ್ರಾ? ನಾಲ್ಕು ನಿಮಿಷ ಮುಂಚೆ?" ಎಂದು ಕುರ್ಚಿಗೆ ಕೂತು ಓದತೊಡಗಿದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

"ಹೇಗಿದ್ದೀಯಪ್ಪಾ?"

ಯಜಮಾನರ ದನಿ! ಆಮೇಲಪ್ಪ ಕಪ್ಪೆಯಂತೆ ಹಾಸಿಗೆಗೆ ಹಾರಿ ಕಂಬಳಿ ಎಳೆದುಕೊಂಡ. ಯಜಮಾನರು ಸೇಬಿನ ಚೀಲ ಹಿಡಿದು ಒಳಬಂದು, ಹಣೆ ಮುಟ್ಟಿ ನೋಡಿದರು. ಗಾಬರಿಗೆ ಹಣೆ ಒದ್ದೆಯಾಗಿತ್ತು.

"ಬೆವರ್ತಿದಾನೆ, ಜ್ವರ ಬಿಡ್ತಿದೆ" ಎಂದು ಸಮಾಧಾನಪಟ್ಟುಕೊಂಡರು. "ನಿನಗೊಂದು ಸಂತೋಷದ ಸುದ್ದಿ. ಐದು ಗಂಟೆಗೆ ಕಣ್ಣಾಸ್ಪತ್ರೆಯಿಂದ ಅಂಗಡಿಗೆ ಫೋನ್ ಬಂದಿತ್ತು. ನಿನ್ನ ಹೆಸರು ಹಿಡಿದೇ ಕೇಳಿದ್ರು! ಅವರಿಗೆ ಹೇಗೆ ಗೊತ್ತಾಯ್ತೋ! ಇದ್ದವರು ಬಿಟ್ಟು ಹೋಗಿದಾರಂತೆ, ಗಾಜು ರಾಶಿ ಬಿದ್ದಿದೆಯಂತೆ, ಈಗಲೇ ಬಂದ್ರೆ ಈಗಲೇ ಕೆಲಸ ಅಂದ್ರು."

ಕಂಬಳಿಯೊಳಗಿಂದ ಕ್ಷೀಣವಾದ ದನಿ ಬಂತು. "ನೀವೇನಂದ್ರಿ?"

"ನಿಜ ಹೇಳಿದೆ. ಪಾಪ, ತಲೆ ಎತ್ತೋ ಸ್ಥಿತಿಯಲ್ಲಿಲ್ಲ ಅಂದೆ. ಮತ್ತೆ ಅವರನ್ನ ಕೈಬಿಡೋಕಾಗತ್ತಾ? ಅಳಿಯನ್ನ ಆಟೋ ಹತ್ತಿಸಿ ಕಳಿಸಿದೆ. ನಿನ್ನ ಕೈಕೆಳಗೆ ಕಲಿತವನು ಅಂತ ಹೇಳ್ದೆ ನೋಡು, ನಿಂತ ಕಾಲಲ್ಲೇ ತಗೊಂಡ್ರು! ಖಾಯಂ!"

ಕೈಯಲ್ಲಿದ್ದ ಬಯೋಡೇಟಾದ ಮೊದಲ ಪುಟದ ಮೇಲ್ತುದಿಗೆ ಹೆಂಡತಿಯ ಕಣ್ಣು ಹೋಗಿತ್ತು. ಒಂಬತ್ತು ವರ್ಷದ ಹಿಂದೆ ಗಂಡನ ಬಳಿ ಸ್ವಂತ ಫೋನಿರಲಿಲ್ಲ. ಅಂಗಡಿಯ ನಂಬರು ಕೊಟ್ಟಿದ್ದ. ನಾಲ್ಕು ಪುಟದಲ್ಲಿ ಯಾರೂ ಮುಟ್ಟದೆ ಉಳಿದದ್ದು ಅದೊಂದೇ ಸಾಲು. ಅವಳು ಯಜಮಾನರ ಬೆನ್ನ ಹಿಂದಿನಿಂದ ಆ ಸಾಲಿನ ಮೇಲೆ ಬೆರಳಿಟ್ಟು ಗಂಡನಿಗೆ ತೋರಿಸಿದಳು. ಆಮೇಲಪ್ಪ ಕಂಬಳಿಯನ್ನು ನಿಧಾನವಾಗಿ ಮುಖದ ಮೇಲೆ ಎಳೆದುಕೊಂಡ. ಈಗ ನಿಜವಾಗಿಯೂ ಮೈ ಬಿಸಿಯಾಗಿತ್ತು.

ಯಜಮಾನರು ಹೊರಟವರು ಹೊಸ್ತಿಲ ಬಳಿ ನಿಂತು, ದನಿ ತಗ್ಗಿಸಿದರು.

"ನಮ್ಮ ಅಳಿಯನ ಕೈ ಹೇಗೆ ಅಂತ ನಿನಗೂ ಗೊತ್ತಲ್ಲಪ್ಪಾ. ಅಲ್ಲಿನ ಗಾಜನ್ನ ಅವನು ದಿನಾ ಸಂಜೆ ನಮ್ಮ ಅಂಗಡಿಗೇ ತಂದು ಕೊಡ್ತಾನೆ. ನೀನು ಹಿಂದಿನ ಕೋಣೆಯಲ್ಲಿ ಕೂತು ಉಜ್ಜಿ ಕೊಟ್ಟುಬಿಡು. ಆ ಕೆಲಸ ನಿನಗೇ ಸಿಕ್ಕಿತು ಅಂತ ತಿಳ್ಕೋ!"