ಲೇತ್ ಏರಿದ ಹಾಲಗುಂಬಳ

ರಿಟೈರ್ ಆದ ಮನುಷ್ಯಾಗ ಏನೂ ಆಗೋದಿಲ್ಲ, ಸುಮ್ನ ಪೇಪರ್ ಹಿಡ್ಕೊಂಡು ಕುಂತಿರ್ತಾನ ಅಂತ ಮಂದಿ ತಿಳ್ಕೊಂಡಾರ. ನನ್ನ ನೋಡ್ರಿ. ವಾಳೂಜಿನ ಕಾರ್ಖಾನ್ಯಾಗ ಇದ್ದಾಗ ಏನೂ ಆಗಲಿಲ್ಲ, ಆಗೋದೆಲ್ಲಾ ಅಡಗಿಮನಿಗೆ ಕಾಲಿಟ್ಟ ಮ್ಯಾಲೆ ಸುರು ಆಯ್ತು. ಆಗಿದ್ದು ಮಂದಿಗೆ ಹೇಳ್ತೀನಿ, ಮಂದಿ ನಗ್ತಾರ, ನಾನೂ ನಗ್ತೀನಿ. ಆದ್ರ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ನನ್ನ ಕೆಲಸಕ್ಕ ಮಾತ್ರ ಯಾರೂ ಹೆಸರು ಇಡಂಗಿಲ್ಲ.

ಕಸ ಯಾವುದು, ಮಾಲ್ ಯಾವುದು

ನಾ ಕಲಬುರಗಿ ಕಡ್ಯಾವ. ಮರಾಠಿ ಸೀಮಿಯ ಸಂಭಾಜಿನಗರಕ್ಕ ಬಂದಾಗಿಂದ ಕೊನೀತನಕ ಬಾಜೂಕಿನ ವಾಳೂಜಿನ್ಯಾಗ ಟರ್ನರ್ ಕೆಲಸಾನೇ ಮಾಡಿದೆ. ಲೇತ್ ಅಂದ್ರ ಹಿಂಗ್ರಿ, ಕಬ್ಬಿಣದ ಸರಳು ಗರಗರ ತಿರುಗ್ತದ, ಹರಿತಾದ ಟೂಲ್ ಅದಕ್ಕ ತಾಗ್ತದ, ಮ್ಯಾಲಿನ ಪದರು ಸುರುಳಿ ಸುರುಳಿ ಆಗಿ ಕೆಳಗ ಬೀಳ್ತದ, ನಡುವ ನಮಗ ಬೇಕಾದ ದುಂಡನ್ನ ಸರಳು ಉಳೀತದ. ಆ ಸುರುಳಿಗೆ ನಾವು ಚಿಪ್ಸ್ ಅಂತೀವಿ. ತಿನ್ನೋ ಚಿಪ್ಸ್ ಅಲ್ಲ, ಗುಜರಿಗೆ ಹಾಕೋ ಚಿಪ್ಸ್.

ನಮ್ಮಾಕಿಗೆ ಶುಗರ್ ಬಂತು. ಡಾಕ್ಟರು ಗೋದಿ, ಅನ್ನ ಕಮ್ಮಿ ಮಾಡ್ರಿ, ಕಾಯಿಪಲ್ಯ ಹೆಚ್ಚ ತಿನ್ರಿ, ಶ್ಯಾವಿಗಿಯಂತೂ ಪೂರಾ ಬಂದ್ ಅಂದ್ರು. ಆಕಿಗೆ ಶ್ಯಾವಿಗಿ ಅಂದ್ರ ಜೀವ. ಅದು ಬಂದ್ ಅಂದ ಕೂಡ್ಲೇ ಸಿಟ್ಟಿಗೆ ಕಾಯಿಪಲ್ಯಾನೂ ಬಂದ್ ಮಾಡಿದ್ಳು. ಅರ್ಧ ರೊಟ್ಟಿ ತಿಂದು ಕೈ ತೊಳ್ಕೊಳ್ಳಾಕಿ. ಆಕಿ ಮಾರಿ ಇಳದು ಹೋಗಿದ್ದು ನೋಡಿ ನನಗ ಖರೇನೇ ಅಂಜಿಕಿ ಹತ್ತಿತು. ನಾಶಿಕಕ್ಕ ಕೊಟ್ಟ ಮಗಳ ಮುಂದ ಫೋನಿನ್ಯಾಗ ಹೇಳ್ಕೊಂಡೆ.

ಮಗಳು ಒಂದು ಮಷಿನ್ ಕಳಿಸಿದ್ಳು. ಒಂದು ಕಡಿ ಕಾಯಿ ಸಿಗಿಸೋ ಮುಳ್ಳು, ಇನ್ನೊಂದು ಕಡಿ ಬ್ಲೇಡು, ಕೈಲೆ ತಿರುವಾಕ ಒಂದು ಹಿಡಿಕಿ, ಕೆಳಗ ಕಟ್ಟಿಗೆ ಅಂಟ್ಕೊಳ್ಳೋ ರಬ್ಬರ್ ಕಾಲು. ಹೆಸರು ಸ್ಪೈರಲೈಸರ್ ಅಂತ. ಹ್ಯಾಂಗ ನಡೆಸಬೇಕು ಅಂತ ಆಕಿ ಹೇಳಾಕ ಬಂದ್ಳು. ಲೇತ್ ಬಗ್ಗೆ ನನಗ ಹೇಳಬ್ಯಾಡವ್ವಾ ಅಂತಂದು ನಾ ಫೋನ್ ಇಟ್ಟೆ.

ಒಂದು ಎಳೇ ಹಾಲಗುಂಬಳ, ನೀವು ಸೋರೆಕಾಯಿ ಅಂತೀರಲ್ಲ ಅದು, ತಗೊಂಡೆ. ಸೆಂಟರ್ ಹಿಡದು ಸಿಗಿಸಿದೆ, ಒಂದೇ ಸಮ ತಿರುವಿದೆ. ಸುರುಳಿ ಬೀಳಾಕತ್ತಿತು, ನಡುವ ಬಟ್ಟಿನಷ್ಟು ದಪ್ಪ ಒಂದು ಸರಳು ಉಳೀತು. ಸುರುಳಿ ಎಲ್ಲಾ ಬಳದು ಬುಟ್ಟಿಗೆ ಹಾಕಿದೆ, ಸರಳು ತೊಳದು ತಾಟಿನ್ಯಾಗ ಇಟ್ಟು ನಮ್ಮಾಕಿನ್ನ ಕರದೆ, ಕೂದಲೆಳಿಯಷ್ಟೂ ಫರಕ್ ಇಲ್ಲ ನೋಡು ಅಂದೆ. ಆಕಿ ತಾಟು ನೋಡಿದ್ಳು, ಬುಟ್ಟಿ ನೋಡಿದ್ಳು, ಮಗಳಿಗೆ ಫೋನ್ ಹಚ್ಚಿ ಕೇಳಿದ್ಳು, ಆಮ್ಯಾಲೆ ನನ್ನ ಕಡಿ ತಿರುಗಿದ್ಳು.

“ಊಟ ಕಸದ ಬುಟ್ಟ್ಯಾಗ ಅದ, ಕಸ ತಾಟಿನ್ಯಾಗ ಅದ. ನಾ ಯಾವುದು ತಿನ್ಲಿ ಹೇಳ್ರಿ.”

ಮುಗೀಲಾರದ ಊಟ

ಅದಾದ ಮ್ಯಾಲೆ ಕೈ ಕುಂತಿತು. ಸೌತಿಕಾಯಿ, ಗಜ್ಜರಿ, ಬೀಟ್‌ರೂಟ್ ಯಾವುದೂ ಬಿಡಲಿಲ್ಲ, ಸೇಬುಹಣ್ಣು ಸುದ್ದಾ ತಿರುವಿದೆ. ಎಳಿ ಅಂದ್ರ ಎಳಿ, ಸಣ್ಣನ್ನ ಶ್ಯಾವಿಗಿ ನಾಚಬೇಕು. ಆದ್ರ ಯಾರಿಗಂತ ಇಷ್ಟು ಮಾಡಾಕತ್ತಿದ್ನೋ ಆಕೀನೇ ಮುಟ್ಟವಲ್ಲಳು. ಶ್ಯಾವಿಗಿ ಅಂದ್ರ ಗೋದೀದು, ಇದು ಕಾಯಿಗೆ ಶ್ಯಾವಿಗಿ ವೇಷ ಹಾಕಿದ್ದು, ನೀವೇ ತಿನ್ರಿ ಅನ್ನಾಕಿ. ನಾನೇ ತಿಂದೆ. ನನಗ ಶುಗರ್ ಇಲ್ಲ, ಆದ್ರೂ ನನ್ನ ಹೊಟ್ಟಿ ಕರಗಿತು, ಆಕಿ ರಿಪೋರ್ಟ್ ಇದ್ದಲ್ಲೇ ಇತ್ತು.

ಒಂದು ಐತವಾರ ನಮ್ಮ ಹಳೇ ಫೋರ್ಮನ್ ಮನಿಗೆ ಬಂದ್ರು. ನಮ್ಮ ಕಾಲದ ಟರ್ನರ್‌ಗೆ ಒಂದು ಹಟ ಇರ್ತದ, ಸುರುಳಿ ನಡುವ ಎಲ್ಲೂ ಕಡೀಬಾರದು. ಅವರಿಗೆ ತೋರಿಸಬೇಕು ಅಂತ ಒಂದು ಉದ್ದನ್ನ ಸೌತಿಕಾಯಿ ಪೂರಾ ಒಂದೇ ಎಳಿ ಮಾಡಿ, ಶೇಂಗಾ ಪುಡಿ, ಕೊತಂಬರಿ ಹಾಕಿ ಮುಂದಿಟ್ಟೆ. ಅವರು ಚಮಚಲೆ ಎತ್ತಿದ್ರು. ಎಳಿ ಬಂತು. ಇನ್ನೂ ಬಂತು. ಕೈ ತಲಿ ಮ್ಯಾಲೆ ಹೋತು, ತುದಿ ಸಿಗಲಿಲ್ಲ. ಎದ್ದು ನಿಂತ್ರು, ಸಿಗಲಿಲ್ಲ. ಸಹಾಯ ಮಾಡೋಣು ಅಂತ ನಾ ತಾಟು ಹಿಡ್ಕೊಂಡು ಹಿಂದ ಹಿಂದ ಬಾಗಿಲ ತನಕ ಹೋದೆ. ನಮ್ಮಾಕಿ ಹೊಲಿಗಿ ಕತ್ತರಿ ತಂದು ಅವರ ಕೈಯಾಗ ಕೊಟ್ಳು.

ಫೋರ್ಮನ್ ಎಳಿ ಕತ್ತರಿಸಿ ಕುಂತು ಹೇಳಿದ್ರು, “ಮಷಿನ್ ಬಂದ್ ಮಾಡಿ ಊಟಕ್ಕ ಹೋಗು ಅಂತ ಕಾರ್ಖಾನ್ಯಾಗ ನಿನಗ ದಿನಾ ಹೇಳ್ತಿದ್ದೆ. ಈಗ ನೋಡಿದ್ರ ಊಟಾನೇ ಬಂದ್ ಆಗವಲ್ದಲ್ಲೋ.”

ಯೇವಲಾ ಬಸ್ ಸ್ಟ್ಯಾಂಡ್

ಮಗಳು ಬೀಗರ ಮನ್ಯಾಗ ನನ್ನ ಕೈಗುಣದ ಬಗ್ಗೆ ಹೇಳಿ ಹೇಳಿ ಇಟ್ಟಿದ್ಳು. ಒಮ್ಮೆ ಮಷಿನ್ ತಗೊಂಡು ನಾಶಿಕಕ್ಕ ಬರ್ರಿ ಅಂತ ಬೀಗತಿ ಫೋನ್ ಮಾಡಿದ್ರು. ನಾನು, ನಮ್ಮಾಕಿ ಬಸ್ ಹತ್ತಿದ್ವಿ. ಜಾಗಾ ಬ್ಯಾರೆ ಬ್ಯಾರೆ ಸಿಕ್ಕಿತು. ನನ್ನ ಬಾಜೂಕ ದಾರ್ಯಾಗಿನ ಯೇವಲಾ ಊರಿನ ಒಬ್ಬ ಹಿರೇ ನೇಕಾರ ಕುಂತಿದ್ದ, ತೊಡಿ ಮ್ಯಾಲೆ ದೊಡ್ಡ ಸ್ಟೀಲ್ ಡಬ್ಬಿ. ಚೀಲದಾಗ ಏನದ ಅಂತ ಕೇಳಿದ. ಹಂಗ ಕೇಳಿದವರಿಗೆ ಬಾಯಿಲೆ ಹೇಳಿ ಬಿಡೋ ಮನುಷ್ಯ ನಾ ಅಲ್ಲ.

ಅವನ ಡಬ್ಬಿ ಮುಚ್ಚಳದ ಮ್ಯಾಲೇ ಮಷಿನ್ ಕುಂದರಿಸಿ ರಬ್ಬರ್ ಕಾಲು ಒತ್ತಿದೆ. ಗಟ್ಟಿ ಕುಂತಿತು. ಸೌತಿಕಾಯಿ ತಿರುವಿದೆ, ಹಿಂದಿನವರು ಮುಂದಿನವರು ಎಲ್ಲಾ ತಿಂದ್ರು, ಭಾಳ ಛಲೋ ಅದ ಅಂದ್ರು. ಯೇವಲಾ ಬಂತು, ನೇಕಾರ ಇಳೀಬೇಕು. ಮಷಿನ್ ಏಳವಲ್ದು. ನಾ ಜಗ್ಗಿದೆ, ನೇಕಾರ ಜಗ್ಗಿದ, ಕಂಡಕ್ಟರ್ ಬಂದು ಜಗ್ಗಿದ. ಡಬ್ಬಿ ಇಲ್ಲೇ ಬಿಟ್ಟು ಇಳೀರಿ, ಇಲ್ಲಾಂದ್ರ ಮಷಿನ್ ಜೋಡಿನೇ ಇಳೀರಿ, ಬಸ್ ನಿಲ್ಲಂಗಿಲ್ಲ ಅಂತ ಕಂಡಕ್ಟರ್ ಸೀಟಿ ಊದಿದ. ಆವಾಗ ನಮ್ಮಾಕಿ ತನ್ನ ಜಾಗಾದಿಂದ ಎದ್ದು ಬಂದು, ತಲ್ಯಾಗಿನ ಪಿನ್ನು ತಗದು ರಬ್ಬರಿನ ಕೆಳಗ ತೂರಿಸಿದ್ಳು. ಪುಸ್ ಅಂತ ಬಿಟ್ಟಿತು.

ಆಕಿ ತಿರುಗಿ ಹೋಗಿ ಕುಂತಾಗ ಬಾಜೂಕಿನ ಹೆಣ್ಮಗಳು ಕೇಳಿದ್ಳಂತ, ಆ ಮನುಷ್ಯಾನ ಪರಿಚಯ ಇಲ್ಲ ಅಂದಿದ್ರಲ್ಲ ಅಂತ. ನಮ್ಮಾಕಿ ಅಂದ್ಳಂತ, “ಅವರದಿಲ್ರಿ. ಮಷಿನಿಂದು ಅದ.”

ಧೀ ಮತ್ತು ಧಾ

ಬೀಗರ ಮನಿ ಮಾತು ಮರಾಠಿ. ನನ್ನ ಮರಾಠಿ ಬಗ್ಗೆ ನನಗ ಭಾಳ ಅಭಿಮಾನ, ಕಾರ್ಖಾನ್ಯಾಗ ಎಲ್ಲಾ ಅದರಾಗೇ ನಡೆಸಿದವ ನಾ. ಹಾಲಗುಂಬಳಕ್ಕ ಮರಾಠ್ಯಾಗ ದುಧಿ ಅಂತಾರ, ಶ್ಯಾವಿಗಿಗೆ ಶೇವಯಾ. ಹೊರಡೋ ಮುಂದ ಬೀಗತಿಗೆ ಫೋನ್ ಮಾಡಿ, ‘ದುಧೀಚ್ಯಾ ಶೇವಯಾ’ ನಾನೇ ಮಾಡ್ತೀನಿ ಅಂತ ಹೇಳಬೇಕಾಗಿತ್ತು. ಬಾಯಿಂದ ಬಂದದ್ದು ‘ದುಧಾಚ್ಯಾ ಶೇವಯಾ’. ಹಾಲಗುಂಬಳದ ಶ್ಯಾವಿಗಿ ಹೋಗಿ ಹಾಲಿನ ಶ್ಯಾವಿಗಿ ಆತು. ಬೀಗತಿ ಹುರುಪಿನ ಹೆಣ್ಮಗಳು. ಶ್ಯಾವಿಗಿ ಬೀಗರು ಮಾಡಲಿ, ಹಾಲಾದರೂ ನಾವು ಕಾಸೋಣು ಅಂತ ಸಕ್ರಿ, ಏಲಕ್ಕಿ ಹಾಕಿ ಒಂದು ಪಾತೇಲಿ ತುಂಬ ದಪ್ಪನ್ನ ಹಾಲು ಮಾಡಿ ಇಟ್ಟಿದ್ರು. ಇದ್ಯಾವುದೂ ನನಗ ಗೊತ್ತಿಲ್ಲ.

ನಾ ಹೋದವನೇ ಕೆಲಸಕ್ಕ ನಿಂತೆ. ಹಾಲಗುಂಬಳ ತಿರುವಿ, ಸಾಸವಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟು, ಶೇಂಗಾ ಪುಡಿ ಉದುರಿಸಿದೆ. ನಿಂಬಿಹಣ್ಣು ಕಡೀಕ ಹಿಂಡೋಣು ಅಂತ ಬಿಟ್ಟಿದ್ದೆ, ಅದೊಂದು ಪುಣ್ಯ. ಮಗಳು ನನ್ನ ಜೋಡಿ ಒಳಗ ಎರಡನೇ ಕಾಯಿ ಸಿಪ್ಪಿ ತಗ್ಯಾಕತ್ತಿದ್ಳು. ಬೀಗತಿ ಬಂದು ಮಾಡಿದ್ದೆಲ್ಲಾ ಹೊರಗ ಒಯ್ದು, ಶುಗರ್ ಇದ್ದ ನಮ್ಮಾಕಿನ್ನ ಬಿಟ್ಟು ಎಲ್ಲಾರಿಗೂ ಬಟ್ಟಲದಾಗ ನೀಡಿದ್ರು, ಮ್ಯಾಲೆ ಹಾಲು ಸುರುವಿದ್ರು.

ನಾ ಕೈ ಒರಸ್ಕೋತ ಹೊರಗ ಬಂದು ನೋಡ್ತೀನಿ, ಬೀಗರ ಮನಿಮಂದಿ ಎಲ್ಲಾ ತಲಿ ತಗ್ಗಿಸಿ ಉಣ್ಣಾಕತ್ತಾರ. ಬಿಳೀ ಹಾಲಿನ ಮ್ಯಾಲೆ ಸಾಸವಿ ತೇಲಾಕತ್ತಾವ. ಬೀಗರ ಕಣ್ಣಾಗ ನೀರು ಬಂದಿತ್ತು. ಆದ್ರೂ ಬಟ್ಟಲ ಖಾಲಿ ಮಾಡಿ, ಇನ್ನಷ್ಟು ಹಾಕ್ರಿ ಅಂದ್ರು. ಮಗಳು ನನ್ನ ಹಿಂದ ಬಂದು ನೋಡಿದಾಕಿ ಮಾರಿ ಸಣ್ಣ ಮಾಡಿದ್ಳು. ನಮ್ಮಪ್ಪ, ನಮ್ಮಪ್ಪ ಅಂತ ಈ ಮನ್ಯಾಗ ಎಷ್ಟು ಹೆಮ್ಮಿಲೆ ಹೇಳಿದ್ಳೋ ಏನೋ. ನನಗ ನಿಂತ ನೆಲ ಬಾಯಿ ಬಿಡಬಾರದ ಅನಿಸಿತು.

ಆವಾಗ ಎದ್ದಾಕಿ ನಮ್ಮಾಕಿ. ಬೀಗತೀ, ಇದಕ್ಕ ಹಾಲು ಬ್ಯಾಡ್ರಿ, ಹಾಲಗುಂಬಳ ಅಂತ ಹೇಳಾಕ ಹೋಗಿ ಇವರು ಹಾಲು ಅಂದಾರ, ಹ್ಯಾಂಗ ತಿನ್ನೋದು ನಾ ತೋರಸ್ತೀನಿ ಅಂದ್ಳು. ಉಳಿದದ್ದು ಒಂದು ತಾಟು ತುಂಬ ಹಾಕ್ಕೊಂಡು ಎಲ್ಲಾರ ನಡುವ ಕುಂತ್ಳು. ಮನ್ಯಾಗ ಒಂದು ಎಳಿ ಮುಟ್ಟಲಾರದಾಕಿ ಒಂದು ಎಳಿ ಬಿಡಲಾರದ ತಿಂದ್ಳು. ಇದನ್ನ ಮನ್ಯಾಗೂ ತಿಂತೀರೇನು ಅಂತ ಬೀಗತಿ ಕೇಳಿದ್ರು.

“ದಿನಾ ತಿಂತೀನ್ರಿ. ಇವರ ಕೈಯಾಂದು ಬಿಟ್ಟು ನನಗ ಬ್ಯಾರೆ ರುಚಿಸೋದೇ ಇಲ್ಲ.”

ಇಂಥಾ ಸುಳ್ಳು ನಾ ಜಲ್ಮದಾಗ ಕೇಳಿರಲಿಲ್ಲ, ಇಷ್ಟು ಹೆಮ್ಮಿನೂ ನನಗ ಯಾವತ್ತೂ ಆಗಿರಲಿಲ್ಲ. ಎರಡನೇ ಕಾಯಿ ತಿರುವಿದ್ದು ಎಲ್ಲಾರೂ ಹಾಲಿಲ್ಲದ ತಿಂದ್ರು, ಮೂರನೇದೂ ತರಿಸಿದ್ರು. ಬೀಗರು ನನ್ನ ಬಾಜೂಕ ಬಂದು ಮೆಲ್ಲಕ ಹೇಳಿದ್ರು, ನಿಮ್ಮ ಕರ್ನಾಟಕದಾಗ ಪಾಯಸಕ್ಕ ಬಳ್ಳೊಳ್ಳಿ ಹಾಕ್ತಾರ ಅಂತ ತಿಳದು, ಬೀಗರ ಮನಸ್ಸು ನೋಯಬಾರದು ಅಂತ ಎರಡನೇ ಸಲ ಹಾಕಿಸ್ಕೊಂಡೆ ಅಂತ.

ತಿರುಗಿ ಬರೋ ಮುಂದ ಬಸ್ಸಿನ್ಯಾಗ ಇಬ್ಬರಿಗೂ ಬಾಜೂಕ ಬಾಜೂಕ ಜಾಗಾ ಸಿಕ್ಕಿತು. ದಿನಾ ತಿಂತೀನಿ ಅಂತ ಅಷ್ಟು ಮಂದಿ ಮುಂದ ಹೇಳಿದ್ಯಲ್ಲಾ, ಈಗ ಏನು ಮಾಡ್ತೀ ಅಂತ ಕೇಳಿದೆ. ಬೀಗರ ಮುಂದ ಆಡಿದ ಮಾತು, ತಿನ್ನಲಾರದ ಏನು ಮಾಡ್ಲಿ, ನಾಳಿಂದ ಮಾಡ್ರಿ ಅಂದ್ಳು. ನನ್ನ ಎದಿ ತುಂಬಿ ಬಂತು. ಆಕಿ ನನ್ನ ಕಿವಿ ಹತ್ರ ಬಂದು, ನೀವು ರುಚಿ ನೋಡಿದ್ರಲ್ಲ, ಆ ಹಾಲು ಸಕ್ರಿ ಹಾಕಿದ್ದು ಹ್ಯಾಂಗಿತ್ತು ಖರೇ ಹೇಳ್ರಿ ಅಂದ್ಳು. ಬಾಯಾಗ ಇಡಂಗ ಇರಲಿಲ್ಲ ಬಿಡು ಅಂದೆ.

“ಸುಳ್ಳು ಹೇಳಬ್ಯಾಡ್ರಿ. ಬೀಗರು ಎರಡು ಸಲ ಹಾಕಿಸ್ಕೊಂಡ್ರು.”