ಮೂರನೇ ಕಂಪ್ಯೂಟರಿನ ಲೇಖಕರು

ಒಂದು ಪುಸ್ತಕವೂ ಅಚ್ಚಾಗದೆ ಜಗತ್ತಿಗೆಲ್ಲ ಓದಲು ಸಿಗುತ್ತಿದ್ದ ಲೇಖಕರು ಯಾರಾದರೂ ಇದ್ದರೆ ಅವರು ನಮ್ಮ ಚಿಕ್ಕಪ್ಪ! ಜಗತ್ತು ಎಂದರೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿದ್ದ ಬ್ರೌಸಿಂಗ್ ಸೆಂಟರು. ಅದರಲ್ಲೂ ಬಾಗಿಲಿನಿಂದ ಮೂರನೇ ಕಂಪ್ಯೂಟರು. ಉಳಿದ ನಾಲ್ಕರಲ್ಲಿ ಸಿಗುತ್ತಿರಲಿಲ್ಲ. ಯಾಕೆಂದು ಹೇಳುತ್ತೇನೆ, ತಾಳಿ.

ಚಿಕ್ಕಪ್ಪನ ಮನೆಯ ಹಜಾರದಲ್ಲಿ ಎರಡು ಪವರ್‌ಲೂಮುಗಳಿದ್ದವು. ಅವು ತಮ್ಮ ಪಾಡಿಗೆ ಸೀರೆ ನೇಯುತ್ತಿದ್ದರೆ ಇವರು ಪಕ್ಕದ ಸ್ಟೂಲಿನ ಮೇಲೆ ಕೂತು ಕಥೆ ಬರೆಯುತ್ತಿದ್ದರು. ಎಳೆ ಕಡಿದರೆ ಕಥೆ ನಿಲ್ಲಬೇಕು ಎಂಬುದು ನಿಯಮ. ಆದರೆ ಕಥೆ ಓಡತೊಡಗಿತೆಂದರೆ ಎಳೆ ಕಡಿದದ್ದು ಯಾರಿಗೆ ಗೊತ್ತಾಗಬೇಕು? ಚಿಕ್ಕಮ್ಮ ಸೀರೆಯನ್ನು ಬೆಳಕಿಗೆ ಹಿಡಿದು, ಇದರಲ್ಲಿ ಗೇಣುದ್ದ ತಪ್ಪಿದೆ, ಕಥೆ ಭರ್ಜರಿಯಾಗಿ ಬಂದಿರಬೇಕು ಎನ್ನುತ್ತಿದ್ದರು. ನನಗೆ ಗೊತ್ತಿರುವಂತೆ ಚಿಕ್ಕಪ್ಪನಿಗೆ ಸಿಕ್ಕ ಮೊದಲ ವಿಮರ್ಶೆ ಅದೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬೆಂಗಳೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ ಊರಿಗೆ ಬಂದಿದ್ದೆ. ನಮ್ಮ ಬೀದಿಯಲ್ಲಿ ನನಗಿಂತ ದೊಡ್ಡ ವಿಜ್ಞಾನಿ ಆಗ ಇರಲಿಲ್ಲ. ಚಿಕ್ಕಪ್ಪ ಒಂದು ಬೆಳಿಗ್ಗೆ ಬಂದವರೇ ತಮಗೊಂದು ವೆಬ್‌ಸೈಟ್ ಬೇಕು ಎಂದರು. ಮೊದಲು ಪುಸ್ತಕ ಬರಲಿ, ಆಮೇಲೆ ವೆಬ್‌ಸೈಟ್, ಮಗು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಾರಾ ಎಂದು ನಾನು ನಕ್ಕೆ. ಅವರು ನಗಲಿಲ್ಲ.

"ನೋಡಮ್ಮ, ಸ್ಯಾಂಪಲ್ ತೋರಿಸ್ದೆ ನಾವು ಯಾವತ್ತಾದ್ರೂ ಮಗ್ಗಕ್ಕೆ ಹಾಸು ಏರಿಸಿದೀವಾ? ಗೇಣುದ್ದ ಬಟ್ಟೆ ನೇಯ್ದು ಸಾಹುಕಾರ್ರಿಗೆ ತೋರಿಸ್ತೀವಿ. ಅವ್ರು ಹೂಂ ಅಂದ್ಮೇಲೆ ತಾನೇ ಸೀರೆ? ಪುಸ್ತಕಾನೂ ಅಷ್ಟೇ. ವೆಬ್‌ಸೈಟ್ ಅನ್ನೋದು ಸ್ಯಾಂಪಲ್."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಆರು ತಿಂಗಳ ಕೋರ್ಸಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಪುಕ್ಕಟೆ ಜಾಗ ಕೊಡುತ್ತಿದ್ದ ಒಂದು ಕಡೆ ಪುಟ ಕಟ್ಟಿದೆ. ಅದರ ವಿಳಾಸ ಸೀರೆಯ ಅಂಚಿನಷ್ಟು ಉದ್ದವಿತ್ತು. ಐದು ಕಥೆಗಳನ್ನು ಮೂರನೇ ಕಂಪ್ಯೂಟರಿನಲ್ಲಿ ಕೂತು ಟೈಪ್ ಮಾಡಿದೆ. ಕನ್ನಡದ ಫಾಂಟ್ ಇದ್ದದ್ದು ಅದೊಂದರಲ್ಲೇ. ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಚಿಕ್ಕಪ್ಪನ ಕಥೆಗಳು ಪ್ರಶ್ನಾರ್ಥಕ ಚಿಹ್ನೆ, ಬಾಲವಿರುವ ಎ, ಟೋಪಿ ಹಾಕಿದ ಯು ಆಗಿಬಿಡುತ್ತಿದ್ದವು. ಚಿಕ್ಕಪ್ಪನಿಗೆ ಬೇಸರವಾಯಿತೇ? ಎಲ್ಲಿಯ ಮಾತು! ದೇವರಿಗೂ ಒಂದೊಂದು ಸ್ಥಳಮಹಾತ್ಮೆ ಇರುತ್ತದೆ ಎಂದುಬಿಟ್ಟರು.

ಪುಟದ ಕೊನೆಯಲ್ಲಿ ಒಂದು ಸೂಚನೆ ಹಾಕಿಸಿದ್ದರು. ಕಥೆಗಳು ಸುಖಾಂತ, ದುಃಖಾಂತ ಎರಡರಲ್ಲೂ ದೊರೆಯುತ್ತವೆ, ಬೇಕಾದ ಅಂತ್ಯವನ್ನು ಮುಂಚಿತವಾಗಿ ತಿಳಿಸಬೇಕು ಎಂದು! ಕಥೆ ಹೀಗೆ ಮಾರಬಾರದು ಚಿಕ್ಕಪ್ಪ ಎಂದರೆ, ಒಂದೇ ಬಣ್ಣದಲ್ಲಿ ಯಾವ ಡಿಸೈನ್ ಓಡಿದೆ ಹೇಳು ಎಂದು ನನ್ನನ್ನೇ ಕೇಳಿದರು.

ಪುಟ ನೋಡಿದವರ ಸಂಖ್ಯೆ ತೋರಿಸುವ ಒಂದು ಮೀಟರನ್ನೂ ಅಂಟಿಸಿದ್ದೆ. ವಾರದಲ್ಲಿ ಅದು ಅರವತ್ತು ದಾಟಿತು. ಅವರಲ್ಲಿ ನಲವತ್ತು ಜನ ಚಿಕ್ಕಪ್ಪ. ಉಳಿದವರು ಅವರು ಕಾಫಿ ಕೊಡಿಸುವ ಆಸೆ ತೋರಿಸಿ ಹಿಡಿದುಕೊಂಡು ಬಂದ ನೆಂಟರು. ನಮ್ಮ ಅತ್ತೆಯೊಬ್ಬರು ಪರದೆಗೆ ಕೈಮುಗಿದು ಹೋದರು. ಓದಿದರೋ ಇಲ್ಲವೋ, ಶ್ರದ್ಧೆಗೇನೂ ಕೊರತೆಯಿರಲಿಲ್ಲ.

ಈ ಬಲದ ಮೇಲೆ ಚಿಕ್ಕಪ್ಪ ಬೆಂಗಳೂರಿನ ಪ್ರಕಾಶಕರೊಬ್ಬರ ಬಳಿಗೆ ಹೋದರು. ನಾನೂ ಜೊತೆಗಿದ್ದೆ. ಹಸ್ತಪ್ರತಿ ಎಲ್ಲಿ ಎಂದು ಅವರು ಕೈಚಾಚಿದರೆ ಇವರು ಆ ಕೈಗೆ ವೆಬ್‌ಸೈಟಿನ ವಿಳಾಸವಿದ್ದ ಕಾರ್ಡು ಇಟ್ಟರು. ಒಳ್ಳೆಯ ಮನುಷ್ಯ, ಅಲ್ಲೇ ತೆರೆದು ನೋಡಿದರು. ಬಾಲವಿರುವ ಎ, ಟೋಪಿ ಹಾಕಿದ ಯು! ಇದು ಯಾವ ಭಾಷೆ ಎಂದು ಕೇಳಿದರು. ಚಿಕ್ಕಪ್ಪ ತಣ್ಣಗೆ, ತಾವು ಒಮ್ಮೆ ದೊಡ್ಡಬಳ್ಳಾಪುರಕ್ಕೆ ಬರಬೇಕು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬರುವಂತಾಗಿತ್ತು. ಅವರು ಕಡಲೆಕಾಯಿ ಸುಲಿಯುತ್ತಾ, ಅವರ ಮಿಷನ್ನು ಸರಿಯಿಲ್ಲ ಎಂದರು.

ಆದರೆ ಮನೆ ಹತ್ತಿರ ಬಂದಾಗ ನಡಿಗೆ ನಿಧಾನವಾಯಿತು. ನೆಂಟರಲ್ಲದ ಒಬ್ಬರು, ಬರೀ ಒಬ್ಬರು ಓದಿದ್ದರೆ ಸಾಕಾಗಿತ್ತು ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಇಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನಾಚಿಕೆ ಬಹಳ ದಿನ ಉಳಿಯಲು ಅವರು ಬಿಡಲಿಲ್ಲ! ಮುಂದಿನ ವಾರದಿಂದ, ನೇಯ್ದ ಪ್ರತಿ ಸೀರೆಯ ಮಡಿಕೆಯೊಳಗೆ ಒಂದೊಂದು ಚೀಟಿ ಇಡತೊಡಗಿದರು. ಅದರಲ್ಲಿ ಆ ಮಾರುದ್ದದ ವಿಳಾಸ, ಅದರ ಕೆಳಗೆ, ಬಸ್ ನಿಲ್ದಾಣದ ಹಿಂದೆ, ಮೂರನೇ ಕಂಪ್ಯೂಟರ್, ಭಾನುವಾರ ರಜೆ. ಮದುವೆ ಸೀರೆ ಬಿಚ್ಚಿದರೆ ಇದೇನು ಮಾಟದ ಚೀಟಿಯೋ ಎಂದು ಬೀಗಿತ್ತಿಯರು ಹೆದರಿದ್ದಾರೆ ಅಂತ ಸಾಹುಕಾರರು ಬಂದು ಕೂಗಾಡಿದರು. ಚೀಟಿ ನಿಂತಿತು. ಅಷ್ಟರಲ್ಲಿ ಮೂವತ್ತು ನಲವತ್ತು ಸೀರೆಗಳು ಊರು ಬಿಟ್ಟಿದ್ದವು.

ತಿಂಗಳಾದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಬ್ರೌಸಿಂಗ್ ಸೆಂಟರಿನವರು ಹೇಳಿಕಳಿಸಿದರು. ಯಾರೋ ಹೆಂಗಸು ಚೀಟಿ ಹಿಡಿದುಕೊಂಡು ಬಂದಿದ್ದಾರಂತೆ. ಚಿಕ್ಕಪ್ಪ ಮಗ್ಗ ನಿಲ್ಲಿಸಿ, ಕಥೆ ಬರೆದಿದ್ದ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಓಡಿದರು. ನಾನೂ ಹಿಂದೆಯೇ ಓಡಿದೆ. ಬಾಗಿಲವರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಊರನ್ನೆಲ್ಲ ಎಳೆದು ತಂದು ಆ ಕುರ್ಚಿಯಲ್ಲಿ ಕೂರಿಸಿದ ಮನುಷ್ಯನಿಗೆ ಒಳಗೆ ಕಾಲಿಡಲು ಆಗಲಿಲ್ಲ.

"ನೀನೇ ನೋಡಮ್ಮ. ಮುಖ ಹೆಂಗಿದೆ?"

ಇಣುಕಿ ನೋಡಿ, ನಗುತ್ತಿದ್ದಾರೆ ಎಂದೆ.

"ಅಯ್ಯೋ, ಮೊದಲ್ನೇದೇ ಅಳೋ ಕಥೆ ಕಣಮ್ಮ."

ಸ್ವಲ್ಪ ಹೊತ್ತಿಗೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ಹೇಳಿದಾಗ ಚಿಕ್ಕಪ್ಪ ಗೋಡೆಗೆ ಒರಗಿದರು.

ಹೊರಗೆ ಬಂದವರು ನಂದಗುಡಿಯ ಶಾಲೆಯ ಟೀಚರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಅವರು ಓದಿದ್ದು ಕಿವಿ ಕೇಳದ ನೇಕಾರ ಅಜ್ಜಿಯೊಬ್ಬಳ ಕಥೆ. ಮಗ್ಗ ಓಡುತ್ತಿದೆಯೋ ಇಲ್ಲವೋ ಎಂದು ಗೋಡೆಗೆ ಅಂಗೈ ಇಟ್ಟು ತಿಳಿದುಕೊಳ್ಳುವವಳು.

"ನಮ್ಮಮ್ಮನೂ ಹಿಂಗೇ ಗೋಡೆ ಮುಟ್ಟಿ ನೋಡ್ತಾರೆ" ಎಂದರು. "ಇದು ಪುಸ್ತಕವಾಗಿ ಸಿಗುತ್ತಾ? ಕಿವಿ ಕೇಳಲ್ಲ, ಕಣ್ಣು ಚೆನ್ನಾಗಿದೆ. ಅವ್ರೇ ಓದ್ಕೊಳ್ಳೋರು. ಇಲ್ಲಿವರ್ಗೂ ಕರ್ಕೊಂಡು ಬರೋಕಾಗಲ್ಲ, ಎದ್ದು ಓಡಾಡಲ್ಲ."

ಯಾವ ಪ್ರಶ್ನೆಗೂ ಉತ್ತರವಿಲ್ಲದೆ ನಿಂತವರಲ್ಲ ನಮ್ಮ ಚಿಕ್ಕಪ್ಪ. ಅಂದೂ ಅಷ್ಟೇ. ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವರು ಗಾಬರಿಯಾಗಿ, ಓದಿ ವಾಪಸು ಕಳಿಸುತ್ತೇವೆ ಎಂದರು. ಬೇಡ, ಅಮ್ಮನ ಹತ್ತಿರವೇ ಇರಲಿ ಎಂದು ಚಿಕ್ಕಪ್ಪ ತಲೆಯಾಡಿಸಿದರು. ಆ ಕಥೆಗಳಿಗೆ ಇದ್ದ ಕಾಗದದ ಪ್ರತಿ ಅದೊಂದೇ ಎಂದು ನನಗೆ ಗೊತ್ತಿತ್ತು. 

ಮನೆಗೆ ಬರುವ ದಾರಿಯಲ್ಲಿ ಧೈರ್ಯ ಮಾಡಿ, ಹಾಗಾದರೆ ಪುಸ್ತಕ ಯಾವಾಗ ಬರುತ್ತದೆ ಚಿಕ್ಕಪ್ಪ ಎಂದು ಕೇಳಿದೆ.

"ಇವತ್ತು ಬಂತಲ್ಲಮ್ಮ" ಎಂದರು.